ಸಮಾಧಿಕಲ್ಲಿನ ಮೇಲೆ ಹೆಸರಿದ್ದ ಮದುಮಗಳು

ಪುಣೆಯ ಕನ್ನಡ ಕ್ರೈಸ್ತ ಸಭೆಯವರ ಸ್ಮಶಾನದಲ್ಲಿ, ಬೇವಿನ ಮರದ ಪಕ್ಕದ ಸಾಲಿನಲ್ಲಿ, ಪ್ರಫುಲ್ಲಾಬಾಯಿಯ ಸಮಾಧಿಕಲ್ಲು ಇದೆ. ಕರಿಯ ಕಲ್ಲು, ಬಿಳಿಯ ಅಕ್ಷರ. ಹೆಸರಿದೆ, ಹುಟ್ಟಿದ ವರ್ಷವಿದೆ, ವರ್ಷದ ಮುಂದೆ ಒಂದು ಪುಟ್ಟ ಗೆರೆಯಿದೆ. ಗೆರೆಯ ಆಚೆ ಏನೂ ಇಲ್ಲ, ಯಾಕೆಂದರೆ ಪ್ರಫುಲ್ಲಾಬಾಯಿ ಇನ್ನೂ ಧನಕವಡಿಯ ಬಸ್‌ಸ್ಟಾಪಿನಲ್ಲಿ ನಿಂತು, ತಡವಾಗಿ ಬಂದ ಬಸ್ಸಿನ ಕಂಡಕ್ಟರನನ್ನು ಮರಾಠಿಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿರುತ್ತಾಳೆ.

ಇದರಲ್ಲಿ ವಿಚಿತ್ರವೇನೂ ಇಲ್ಲ. ಪುಣೆಯಲ್ಲಿ ಬದುಕಿರುವವರಿಗೇ ಜಾಗವಿಲ್ಲ, ಇನ್ನು ಸತ್ತವರಿಗೆ ಎಲ್ಲಿಂದ ತರುವುದು? ಅದಕ್ಕೇ ಸಭೆಯವರು ಗಂಡಹೆಂಡಿರಿಗೆ ಒಂದೇ ಗುಂಡಿ ಎಂದು ಗೊತ್ತುಮಾಡಿದ್ದಾರೆ. ಮೊದಲು ಹೋದವರನ್ನು ಆಳದಲ್ಲಿಟ್ಟು, ಮೇಲೆ ಇನ್ನೊಬ್ಬರಿಗೆ ಜಾಗ ಬಿಡುತ್ತಾರೆ. ಪ್ರಫುಲ್ಲಾಬಾಯಿಯ ಯಜಮಾನರು ಆಶೀರ್ವಾದಪ್ಪನವರು ತೀರಿಕೊಂಡಾಗ ಕಲ್ಲು ಕೊರೆಯುವ ಕೃಷ್ಣಾಜಿ, "ಬಾಯಿ, ಎರಡೂ ಹೆಸರು ಒಮ್ಮೆಲೇ ಕೊರೀತೇನೆ, ಅಕ್ಷರ ಒಂದೇ ನಮೂನೆ ಕಾಣ್ತವೆ" ಎಂದು ಮರಾಠಿಯಲ್ಲಿ ಸಲಹೆ ಕೊಟ್ಟ. ಆ ದಿನಗಳಲ್ಲಿ ಆಕೆಗೆ ಗಂಡನ ಪಕ್ಕದಲ್ಲಿ ಹೆಸರಾದರೂ ಇರಲಿ ಎನಿಸಿತ್ತು. ಹೂಂ ಎಂದಳು.

ಆಕೆ ಬೆಟಗೇರಿಯ ಹುಡುಗಿ. ಖಡ್ಕಿಯ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಆಶೀರ್ವಾದಪ್ಪನವರನ್ನು ಮದುವೆಯಾಗಿ ಪುಣೆಗೆ ಬಂದಳು, ಕ್ಯಾಂಪ್ ಬಡಾವಣೆಯ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಹಾಡು ಕಲಿಸಿ ನಿವೃತ್ತಳಾದಳು. ಆಕೆಗೆ ಇದ್ದ ಒಂದೇ ದೊಡ್ಡ ಕಾಯಿಲೆ ಎಂದರೆ ನಗು. ಎಲ್ಲಿ ನಗಬಾರದೋ ಅಲ್ಲಿ ಬರುತ್ತಿತ್ತು. ದೇವಾಲಯದಲ್ಲಿ ಪ್ರಸಂಗದ ನಡುವೆ ಬರುತ್ತಿತ್ತು, ಸಾವಿನ ಮನೆಯಲ್ಲಿ ಬರುತ್ತಿತ್ತು. ಒಮ್ಮೆ ಶವಪೆಟ್ಟಿಗೆ ಹೊತ್ತವರಲ್ಲಿ ಒಬ್ಬನ ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡಾಗ ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಡುಗುತ್ತಿದ್ದಳು. ಸತ್ತವರ ಕಡೆಯವರು ಪಾಪ, ಎಷ್ಟು ದುಃಖ ಎಂದು ಆಕೆಯ ಬೆನ್ನು ಸವರಿದರು.

ಗಂಡ ಹೋದಮೇಲೆ ಆ ನಗು ಬಹಳ ದಿನ ಬರಲಿಲ್ಲ. ಆದರೆ ಆಕೆಗೆ ಒಂದು ನಂಬಿಕೆ ಇತ್ತು, ಅದರ ಮೇಲೆಯೇ ಬದುಕಿದಳು. ಪ್ರತಿ ಬೇಸಿಗೆಯಲ್ಲಿ ಊರಿಗೆ ಹೊರಟಾಗ ಆಶೀರ್ವಾದಪ್ಪನವರು ಪುಣೆ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವ ಮೊದಲೇ ಓಡಿ, ಕಿಟಕಿಯಿಂದ ಸೀಟಿನ ಮೇಲೆ ಕರ್ಚೀಫು ಎಸೆಯುತ್ತಿದ್ದರು. ಆಸ್ಪತ್ರೆಯಲ್ಲಿ ಕೊನೆಯ ದಿನ ಆಕೆಯ ಕೈ ಹಿಡಿದು, "ನೀ ಅವಸರ ಮಾಡಬ್ಯಾಡ. ನಾ ಮುಂದ ಹೋಗಿ ಜಾಗಾ ಹಿಡಿದಿರ್ತೀನಿ" ಎಂದಿದ್ದರು. ಸಭಾಪಾಲಕರು ಪರಲೋಕದ ಬಂಗಾರದ ಬೀದಿಯ ಬಗ್ಗೆ, ಮುತ್ತಿನ ಬಾಗಿಲಿನ ಬಗ್ಗೆ ಪ್ರಸಂಗ ಮಾಡಿದಾಗಲೆಲ್ಲ ಪ್ರಫುಲ್ಲಾಬಾಯಿಯ ಕಣ್ಣಿಗೆ ಕಾಣುತ್ತಿದ್ದದ್ದು ಬೇರೆ. ಕಿಟಕಿಯ ಪಕ್ಕ ಒಂದು ಸೀಟು, ಅದರ ಮೇಲೆ ನೀಲಿ ಅಂಚಿನ ಕರ್ಚೀಫು, ಪಕ್ಕದಲ್ಲಿ ಬಾಗಿಲ ಕಡೆ ನೋಡುತ್ತ ಕುಳಿತ ಗಂಡ. ನಿತ್ಯಜೀವ ಎಂದರೆ ಆಕೆಗೆ ಅಷ್ಟೇ, ಅಷ್ಟು ಸಾಕಾಗಿತ್ತು.

ಇಂಥ ಹೆಂಗಸಿನ ಬದುಕಿನಲ್ಲಿ ಕುಶಲರಾಯರು ಬಂದದ್ದು ಹೋದ ವರ್ಷದ ಈಸ್ಟರ್ ಬೆಳಿಗ್ಗೆ, ಅದೇ ಕಲ್ಲಿನ ಮುಂದೆ.

ಕನ್ನಡ ಸಭೆಗೆ ಸ್ವಂತ ದೇವಾಲಯವಿಲ್ಲ. ಮರಾಠಿ ಸಭೆಯವರ ದೇವಾಲಯದಲ್ಲಿ ಅವರು ಮುಗಿಸಿದ ಮೇಲೆ ಇವರ ಆರಾಧನೆ. ಈಸ್ಟರ್ ದಿನವಂತೂ ಅಲ್ಲಿ ದಿನವಿಡೀ ಮರಾಠಿಯವರದೇ ಕಾರ್ಯಕ್ರಮ. ಹಾಗಾಗಿ ಕನ್ನಡದವರ ಈಸ್ಟರ್ ಆರಾಧನೆ, ಹಾಡು, ಪ್ರಸಂಗ, ಕಾಣಿಕೆ, ಪ್ರಕಟಣೆ ಎಲ್ಲವೂ ನಸುಕಿನಲ್ಲಿ ಸ್ಮಶಾನದಲ್ಲಿಯೇ. ಹಿಂದಿನ ದಿನ ಸಮಾಧಿಗಳಿಗೆ ಸುಣ್ಣ ಹಚ್ಚಿ, ಬೆಳಿಗ್ಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಸೂರ್ಯ ಹುಟ್ಟುವುದನ್ನೇ ಕಾಯುತ್ತ ಹಾಡುತ್ತಾರೆ. ಸತ್ತವರು ಏಳುತ್ತಾರೆ ಎಂದು ಹಾಡುವುದಕ್ಕೆ ಸತ್ತವರ ನಡುವೆಯೇ ನಿಲ್ಲುವುದು ಒಳ್ಳೆಯದು ಎಂದು ಹಿರಿಯರು ಹೇಳುತ್ತಾರೆ. ದೇವಾಲಯದ ಬಾಡಿಗೆಯೂ ಉಳಿಯುತ್ತದೆ ಎಂದು ಪ್ರಫುಲ್ಲಾಬಾಯಿ ಹೇಳುತ್ತಾಳೆ.

ಕುಶಲರಾಯರು ಉಡುಪಿ ಕಡೆಯವರು. ಕ್ಯಾಂಪಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವರು, ಮದುವೆಯಾಗದೆ ಎಪ್ಪತ್ತರ ಹತ್ತಿರ ಬಂದವರು. ಅಷ್ಟು ವರ್ಷ ಇಂಗ್ಲಿಷ್ ಆರಾಧನೆಗೆ ಹೋಗುತ್ತಿದ್ದು, ಅಂಗಡಿ ಮುಚ್ಚಿದ ಮೇಲೆ ಕನ್ನಡದ ಆಸೆಗೆ ಈ ಸಭೆ ಸೇರಿದ್ದರು. ತಮ್ಮವರ ಸಮಾಧಿ ಇಲ್ಲಿ ಯಾವುದೂ ಇಲ್ಲದ್ದರಿಂದ ಆ ಬೆಳಿಗ್ಗೆ ಒಂದು ಹಿಡಿ ಸೇವಂತಿಗೆ ಹಿಡಿದು, ಎಲ್ಲಿ ಇಡಲಿ ಎಂದು ಹುಡುಕುತ್ತಿದ್ದರು. ಜಗತ್ತಿಗೆಲ್ಲ ಕನ್ನಡಕ ಕೊಟ್ಟ ಮನುಷ್ಯ ತನ್ನದನ್ನು ಮನೆಯಲ್ಲಿ ಮರೆತು ಬಂದಿದ್ದರು. ಕಲ್ಲಿಗೆ ಮೂಗು ತಾಗಿಸಿ ಕೆಳಗಿನ ಹೆಸರು ಓದಿದರು, ಗೆರೆಯ ಆಚೆ ಖಾಲಿ ಇದ್ದದ್ದು ಕಾಣಲಿಲ್ಲ.

"ಯಾರು ಇವರು, ಪ್ರಫುಲ್ಲಾ ಅಂತ? ನಿಮಗೆ ಪರಿಚಯ ಉಂಟಾ?" ಎಂದು ಪಕ್ಕದಲ್ಲಿ ನಿಂತಿದ್ದ ಹೆಂಗಸನ್ನು ಕೇಳಿದರು.

"ಭಾಳ ಛಲೋ ಪರಿಚಯ ಅದರಿ."

"ಹೇಗಿದ್ರು?"

"ಹಾಡು ಛಲೋ ಹಾಡ್ತಿದ್ಲು. ಮಾತು ಸ್ವಲ್ಪ ಜಾಸ್ತಿ. ಅಡಿಗಿ ಮಾತ್ರ ಕೇಳಬ್ಯಾಡ್ರಿ."

ಕುಶಲರಾಯರು ಹೂವಿಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿದರು.

"ನಮ್ಮೊಳಗ ಸತ್ತವರ ಸಲುವಾಗಿ ಪ್ರಾರ್ಥನಾ ಮಾಡೂದಿಲ್ರಿ" ಎಂದಳು ಪ್ರಫುಲ್ಲಾಬಾಯಿ, ಸೆರಗನ್ನು ಬಾಯಿಯ ಹತ್ತಿರ ತರುತ್ತ.

"ಗೊತ್ತುಂಟು. ಯಾಕೋ ಈ ಹೆಂಗಸಿನ ಮೇಲೆ ಕನಿಕರ ಬಂತು, ಮಾರಾಯ್ರೆ. ತಪ್ಪಾಯ್ತು."

"ತಪ್ಪೇನಿಲ್ಲ ಬಿಡ್ರಿ. ಆಕಿ ಇನ್ನೂ ಸತ್ತಿಲ್ಲ."

ಅಷ್ಟು ಹೇಳಿ ಆಕೆ ನಗತೊಡಗಿದಳು. ಎಷ್ಟೋ ಕಾಲದಿಂದ ಒಳಗೆ ಕೂಡಿಬಿದ್ದಿದ್ದ ನಗು ಅದು, ಆಕೆ ಗಂಡನ ಕಲ್ಲನ್ನೇ ಹಿಡಿದು ನಿಲ್ಲಬೇಕಾಯಿತು. ಅತ್ತ ಸಭೆಯವರೆಲ್ಲ ಗಂಭೀರವಾಗಿ ಸತ್ತವರು ಎದ್ದೇಳುವ ಹಾಡು ಹಾಡುತ್ತಿದ್ದರು. ಕುಶಲರಾಯರಿಗೆ ವಿಷಯ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು, ಹೊಳೆದ ಮೇಲೆ ಅವರ ದೊಡ್ಡ ಮಂದ್ರಸ್ವರದ ನಗುವೂ ಸೇರಿಕೊಂಡಿತು.

ಆಮೇಲೆ ನಡೆದದ್ದನ್ನು ಹರೆಯದವರ ಬಗ್ಗೆ ಹೇಳಿದರೆ ಯಾರೂ ಆಶ್ಚರ್ಯ ಪಡುತ್ತಿರಲಿಲ್ಲ. ಇಬ್ಬರೂ ಹಾಡುತ್ತಿದ್ದ ಸಭೆಯ ಗಾಯನ ತಂಡದ ಅಭ್ಯಾಸಕ್ಕೆಂದು ಕುಶಲರಾಯರು ತಮ್ಮ ಭಾಗದ ಸ್ವರವನ್ನು ಹಾಡಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ತಂಡಕ್ಕೆಲ್ಲ ಅಲ್ಲ, ಒಬ್ಬಳಿಗೆ. ಪ್ರಫುಲ್ಲಾಬಾಯಿ ಅದನ್ನು ಬಸ್ಸಿನಲ್ಲಿ ಕಿವಿಗಿಟ್ಟುಕೊಂಡು ಕೇಳುತ್ತ ಸ್ವಾರಗೇಟಿನಲ್ಲಿ ಇಳಿಯಬೇಕಾದವಳು ಮುಂದೆ ಹೋಗಿಬಿಡುತ್ತಿದ್ದಳು. ಆಕೆಯ ಕನ್ನಡಕ ವಾರಕ್ಕೊಮ್ಮೆ ಸಡಿಲವಾಗತೊಡಗಿತು. ಕುಶಲರಾಯರು ಕ್ಯಾಂಪಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಪುಟ್ಟ ಸ್ಕ್ರೂಡ್ರೈವರ್ ತೆಗೆದು, ಅದನ್ನು ಸರಿಮಾಡಿ, ಕಿವಿಯ ಹಿಂದೆ ಕೂಡಿಸಿ ನೋಡುತ್ತಿದ್ದರು. ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಒಂದು ಸಂಜೆ, ಬೆಣ್ಣೆ ಸವರಿದ ಬನ್ ಮಸ್ಕಾದ ತಟ್ಟೆಯನ್ನು ಆಕೆಯ ಕಡೆ ಸರಿಸುತ್ತ ಅವರೆಂದರು: "ನನ್ನ ಮನೆಯಲ್ಲಿ ಎರಡು ಕುರ್ಚಿ ಉಂಟು. ಒಂದರಲ್ಲಿ ನಾನು ಕೂರ್ತೇನೆ. ಇನ್ನೊಂದರಲ್ಲಿ ಹಳೇ ಪೇಪರ್ ಕೂರ್ತವೆ. ಪೇಪರನ್ನು ರದ್ದಿಯವನಿಗೆ ಹಾಕುವಾ ಅಂತ ಯೋಚನೆ. ನೀವೇನು ಹೇಳ್ತೀರಿ?"

ಪ್ರಫುಲ್ಲಾಬಾಯಿಗೆ ಅರ್ಥವಾಯಿತು. ಮನಸ್ಸು ಅಲ್ಲಿಯೇ ಹೂಂ ಎಂದುಬಿಟ್ಟಿತ್ತು. ಆದರೆ ಬಾಯಿಂದ ಬಂದದ್ದು, "ವಿಚಾರ ಮಾಡಿ ಹೇಳ್ತೀನ್ರಿ" ಎಂಬ ಮಾತು. ಯಾಕೆಂದರೆ ಅದೇ ಕ್ಷಣದಲ್ಲಿ ಆಕೆಗೆ ಕಿಟಕಿಯ ಪಕ್ಕದ ಸೀಟು ಕಂಡಿತ್ತು. ಒಂದೇ ಸೀಟು, ಒಂದೇ ಕರ್ಚೀಫು. ನಾಳೆ ಇನ್ನೊಬ್ಬನ ಕೈ ಹಿಡಿದುಕೊಂಡು ಆ ಗಾಡಿ ಹತ್ತಿದರೆ, ಅಷ್ಟು ವರ್ಷ ಜಾಗ ಹಿಡಿದು ಕುಳಿತ ಮನುಷ್ಯನಿಗೆ ಏನು ಹೇಳುವುದು?

ಮನೆಗೆ ಬಂದು ಮಗಳಿಗೆ ಹೇಳಿದಳು. ಮಗಳು ಶರಣ್ಯಾ ಬ್ಯಾಂಕಿನಲ್ಲಿದ್ದಾಳೆ, ಅಪ್ಪನ ಮುದ್ದಿನ ಮಗಳು. ಅವಳು ತಾಯಿಯನ್ನೇ ನೋಡಿ, "ಅಪ್ಪನ ಕಲ್ಲಿನ ಮ್ಯಾಲ ನಿನ್ನ ಹೆಸರು ಅದ. ಅದನ್ನ ಏನು ಮಾಡ್ತಿ? ಕೆತ್ತಿಸಿ ತಗಸ್ತಿಯಾ?" ಎಂದು ಕೇಳಿದಳು. ಶರಣ್ಯಾ ಅಂದಿನಿಂದ ತಾಯಿಯ ಜೊತೆ ಅಗತ್ಯವಿದ್ದಷ್ಟೇ ಮಾತಾಡತೊಡಗಿದಳು.

ಪಕ್ಕದ ಮನೆಯ ವಿಜಾಪುರದ ರುದ್ರವ್ವನಿಗೆ ಇದೆಲ್ಲ ದೊಡ್ಡ ತಮಾಷೆ. "ಈ ಮರಾಠಿ ಹೆಣ್ಮಕ್ಕಳು ಏಳು ಜನ್ಮಾನೂ ಇದ್ದ ಗಂಡನೇ ಸಿಗಲಿ ಅಂತ ಆಲದ ಗಿಡಕ್ಕ ದಾರ ಸುತ್ತತಾರ ನೋಡ್ರಿ. ನಾ ಒಂದು ಸುತ್ತೂ ಸುತ್ತಿಲ್ಲ. ನಮ್ಮವರ ಜೋಡಿ ಒಂದು ಜನ್ಮ ಸಾಕಾಗೇದ. ನಿಮ್ಮ ದೇವ್ರು ಒಂದ ಜನ್ಮ ಕೊಟ್ಟಾನ, ಪುಣ್ಯಾತ್ಮ. ಅದರೊಳಗ ಇಬ್ಬರು ಸಿಕ್ಕರ ಬ್ಯಾಡ ಅಂತೀರಲ್ರಿ."

"ಜನ್ಮ ಒಂದ, ಆದ್ರ ಅದು ಮುಗಿಯೂದ ಇಲ್ಲಲ್ರಿ ರುದ್ರವ್ವ. ಅದ ತ್ರಾಸ ಆಗೇದ" ಎಂದಳು ಪ್ರಫುಲ್ಲಾಬಾಯಿ.

ಕೊನೆಗೆ ಸಭಾಪಾಲಕ ರಕ್ಷಿತರ ಹತ್ತಿರ ಹೋದಳು. ಹುಬ್ಬಳ್ಳಿಯ ಹುಡುಗ, ವಯಸ್ಸಿನಲ್ಲಿ ಆಕೆಯ ಮಗನಂತಿದ್ದವರು. ಆಕೆಯ ತೊಡಕನ್ನು ಕೇಳಿ ಅವರಿಗೆ ಬಹಳ ಸಂತೋಷವಾಯಿತು, ಯಾಕೆಂದರೆ ಉತ್ತರ ಸಿದ್ಧವಿತ್ತು. ಒಬ್ಬಳು ಒಬ್ಬರಾದ ಮೇಲೆ ಒಬ್ಬರಂತೆ ಏಳು ಮಂದಿ ಅಣ್ಣತಮ್ಮಂದಿರನ್ನು ಮದುವೆಯಾಗಿ ಎಲ್ಲರನ್ನೂ ಮಣ್ಣು ಮಾಡಿದಳು, ಸತ್ತವರು ಎದ್ದ ಮೇಲೆ ಅವಳು ಯಾರ ಹೆಂಡತಿ ಎಂದು ಯೇಸುಸ್ವಾಮಿಯನ್ನೇ ಕೆಲವರು ಚೇಷ್ಟೆಗೆ ಕೇಳಿದ್ದರಲ್ಲ?

"ಅಲ್ಲಿ ಲಗ್ನ ಅನ್ನೂದ ಇರೂದಿಲ್ಲ, ದೇವದೂತರ ಹಂಗ ಇರ್ತಾರ ಅಂತ ಸ್ವಾಮಿ ಹೇಳ್ಯಾರ, ಅಮ್ಮಾರ. ನಿಮಗ ಚಿಂತಿನ ಬ್ಯಾಡ" ಎಂದರು ರಕ್ಷಿತರು.

"ಏಳು ಮಂದಿನೂ ಮಣ್ಣಿಗೆ ಹಾಕಿದ ಮ್ಯಾಲೂ ಆಕಿಗೆ ಎಂಟನೇದವ ಸಿಗಲಿಲ್ಲಂತೇನು?" ಎಂದು ಕೇಳಿ ಪ್ರಫುಲ್ಲಾಬಾಯಿ ನಕ್ಕಳು. ಆದರೆ ನಗು ಅರ್ಧಕ್ಕೇ ನಿಂತಿತು. "ಅಂದ್ರ ಅಯ್ಯನವರ, ನಮ್ಮ ಮನಿಯವರು ಅಲ್ಲಿ ನನ್ನ ಗಂಡ ಅಲ್ಲ?"

ರಕ್ಷಿತರು ಬೈಬಲಿನ ಹಾಳೆ ತಿರುವತೊಡಗಿದರು.

"ನನ್ನ ಗುರ್ತರೆ ಹಿಡೀತಾರೋ ಇಲ್ಲೋ?"

"ಹಿಡೀತಾರ ಅಂತ ನಾ ನಂಬೀನಿ. ಹೆಂಗ ಅನ್ನೂದು ನಂಗೂ ಗೊತ್ತಿಲ್ರಿ" ಎಂದರು ಅವರು ಪ್ರಾಮಾಣಿಕವಾಗಿ.

ಆ ದಿನ ಪ್ರಫುಲ್ಲಾಬಾಯಿ ಬಸ್ಸಿನಲ್ಲಿ ಧನಕವಡಿಯವರೆಗೂ ಅತ್ತಳು. ಇಬ್ಬರು ಗಂಡಂದಿರ ಚಿಂತೆಯಿಂದ ಹೋದವಳಿಗೆ ಇದ್ದ ಒಬ್ಬನೂ ಕೈತಪ್ಪಿದಂತಾಗಿತ್ತು. ದೇವದೂತರ ಸಹವಾಸ ಆಕೆ ಯಾವತ್ತೂ ಬಯಸಿರಲಿಲ್ಲ. ಆಕೆಗೆ ಬೇಕಾಗಿದ್ದದ್ದು ಖಡ್ಕಿಯ ಫಿಟರು.

ಈಸ್ಟರಿನ ಹಿಂದಿನ ದಿನ ಸ್ಮಶಾನದಲ್ಲಿ ಸುಣ್ಣ ಹಚ್ಚುವ ಕೆಲಸ. ಕುಶಲರಾಯರು ಪ್ಯಾಂಟು ಮಡಚಿ ಬಕೆಟ್ಟು ಹಿಡಿದು ಬಂದಿದ್ದರು. ಇಷ್ಟು ವಾರಗಳಲ್ಲಿ ಅವರು ಉತ್ತರ ಏನು ಎಂದು ಒಮ್ಮೆಯೂ ಕೇಳಿರಲಿಲ್ಲ. ಪ್ರಫುಲ್ಲಾಬಾಯಿ ಆಶೀರ್ವಾದಪ್ಪನವರ ಸಮಾಧಿಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಆಸ್ಪತ್ರೆಯ ಮಾತು, ಸೀಟು, ಕರ್ಚೀಫು, ದೇವದೂತರು.

"ನಂಗ ನೀವು ಇಲ್ಲಿ ಬೇಕು. ಅವರು ಅಲ್ಲಿ ಬೇಕು. ಇಂಥಾ ಆಸೆಬುರುಕಿ ಎಲ್ಲೆರೆ ಇರ್ತಾಳೇನ್ರಿ?" ಎಂದು ಕಣ್ಣು ಒರೆಸಿಕೊಂಡಳು.

ಕುಶಲರಾಯರು ಬ್ರಶ್ಶನ್ನು ಬಕೆಟ್ಟಿನಲ್ಲಿ ತಿರುವಿದರು. "ಒಂದು ವಿಷಯ ಹೇಳ್ತೇನೆ, ನಗಬಾರದು ಆಯ್ತಾ? ನನಗೆ ಸಾವು ಅಂದ್ರೆ ಮೊದಲಿಂದಲೂ ಹೆದರಿಕೆ. ನಿತ್ಯಜೀವದ ಹಾಡು ದೊಡ್ಡ ಸ್ವರದಲ್ಲಿ ಹಾಡ್ತಿದ್ದೆ, ರಾತ್ರಿ ದೀಪ ಆರಿಸಲಿಕ್ಕೆ ಹೆದರ್ತಿದ್ದೆ. ಹೋಗುವ ಊರಲ್ಲಿ ನನಗೆ ಯಾರುಂಟು? ಆಮೇಲೆ ಇಲ್ಲಿ ಒಬ್ಬಳು ಹೆಂಗಸು ತನ್ನದೇ ಕಲ್ಲು ಹಿಡ್ಕೊಂಡು ನಗ್ತಿದ್ದಳು. ಅವತ್ತು ಮನೆಗೆ ಹೋಗಿ ದೀಪ ಆರಿಸಿ ಮಲಗಿದೆ."

ಪ್ರಫುಲ್ಲಾಬಾಯಿ ನಗಲಿಲ್ಲ.

"ಅವರು ಜಾಗ ಹಿಡಿದದ್ದು ನಿಮಗೆ. ಅದರಲ್ಲಿ ನೀವೇ ಕೂತ್ಕೊಳ್ಳಿ. ಈ ಕಲ್ಲಿನಲ್ಲಿ ನಿಮ್ಮ ಹೆಸರೂ ಇರಲಿ, ಇದೇ ಗುಂಡಿಯಲ್ಲಿ ನೀವೂ ಇರಿ. ನನ್ನನ್ನು ಆ ಗೋಡೆಯ ಹತ್ತಿರ ಎಲ್ಲಾದರೂ ಹಾಕಲಿ. ಎದ್ದ ಮೇಲೆ ನಾನು ನಡೆದು ಬರ್ತೇನೆ. ಗಾಡಿಯಲ್ಲಿ ನಿಮ್ಮ ಪಕ್ಕ ನಿಂತುಕೊಳ್ತೇನೆ."

"ನಿತ್ಯಕಾಲ ನಿಂತ ಇರ್ತೀರೇನು?"

"ಅಲ್ಲಿ ಮಂಡಿನೋವು ಇಲ್ವಂತಲ್ಲ."

ಆಗ ನಗು ಬಂತು. ಅಳುವಿನ ಜೊತೆಯಲ್ಲೇ ಬಂತು, ಆಕೆ ಸೆರಗು ಹುಡುಕಿದಳು. ನಗುತ್ತಿರುವಾಗಲೇ ಬೇರೊಂದು ನೆನಪಾಗಿ ತಟ್ಟನೆ ನೆಟ್ಟಗೆ ಕುಳಿತಳು. ಅಷ್ಟು ವರ್ಷ ಆ ಸೀಟನ್ನೇ ನೋಡುತ್ತಿದ್ದವಳಿಗೆ ಆಮೇಲೆ ನಡೆಯುತ್ತಿದ್ದದ್ದು ಮರೆತೇಹೋಗಿತ್ತು. ಆಶೀರ್ವಾದಪ್ಪನವರು ಅಷ್ಟು ಓಡಿ, ಅಷ್ಟು ಗುದ್ದಾಡಿ ಜಾಗ ಹಿಡಿಯುವುದು, ಗಾಡಿ ಹೊರಟ ಮೇಲೆ ನಿಂತಿರುವ ಯಾವನೋ ಮುದುಕನನ್ನು ನೋಡಿ, "ಬರ್ರಿ, ಬರ್ರಿ, ಇಲ್ಲೆ ಕೂಡ್ರಿ. ಏ ಇಕಿ, ಸ್ವಲ್ಪ ಸರಿ" ಎಂದು ನಡುವೆ ಕೂಡಿಸಿಕೊಳ್ಳುವುದು. ಪ್ರತಿ ಸಲವೂ ಅಷ್ಟೇ. ಮೀರಜ್ ಬರುವ ಹೊತ್ತಿಗೆ ಪ್ರಫುಲ್ಲಾಬಾಯಿ ಕಿಟಕಿಯ ಸರಳಿಗೆ ಅಂಟಿಕೊಂಡಿರುತ್ತಿದ್ದಳು. ಎಷ್ಟು ಬೈದರೂ ಆ ಮನುಷ್ಯ ಸುಧಾರಿಸಲಿಲ್ಲ.

"ಅವರು ನಿಮ್ಮನ್ನ ನಿಂದರಸೂದಿಲ್ರಿ" ಎಂದಳು. "ನನ್ನನ್ನ ಸರಸ್ತಾರ."

ಸುಣ್ಣದ ಕೈಯಲ್ಲೇ ಕುಶಲರಾಯರು ಕಣ್ಣು ಒರೆಸಿಕೊಂಡು, ಉರಿ ತಾಳದೆ ನಲ್ಲಿಯ ಕಡೆ ಓಡಿದರು. ಹೂಂ ಎನ್ನುವ ಮಾತನ್ನು ಪ್ರಫುಲ್ಲಾಬಾಯಿ ಅವರ ಕಣ್ಣಿಗೆ ನೀರು ಎರಚುತ್ತಲೇ ಹೇಳಬೇಕಾಯಿತು. ಆ ಸಾಲಿನ ತುದಿಯಲ್ಲಿ ಕಳೆ ಕೀಳುತ್ತಿದ್ದ ರಕ್ಷಿತರಿಗೂ ಅಲ್ಲೇ ತಿಳಿಸಿದರು. ಮನೆಯಲ್ಲಿ ಶರಣ್ಯಾ ಸುದ್ದಿ ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೆಳಿಗ್ಗೆ ಮಾತ್ರ ತಾಯಿಯ ಜೊತೆ ರಿಕ್ಷಾ ಹತ್ತಿದಳು, ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ನಸುಕಿನಲ್ಲಿ ಮೇಣದಬತ್ತಿಗಳ ನಡುವೆ ಸಭೆ ನಿಂತಿತ್ತು. "ಕರ್ತನು ಎದ್ದಿದ್ದಾನೆ" ಎಂದರು ರಕ್ಷಿತರು. "ನಿಜವಾಗಿ ಎದ್ದಿದ್ದಾನೆ" ಎಂದಿತು ಸಭೆ. ಹಾಡಾಯಿತು, ಪ್ರಸಂಗವಾಯಿತು. ಪ್ರಕಟಣೆಗಳ ಸರದಿ ಬಂದಾಗ ರಕ್ಷಿತರು ಪ್ರತಿ ಮದುವೆಗೂ ಓದುವ ಮಾತನ್ನು ಅಭ್ಯಾಸಬಲದಿಂದ ಓದಿದರು: ಈ ಸಭೆಯ ಕುಶಲರಾಯರಿಗೂ, ದಿವಂಗತ ಆಶೀರ್ವಾದಪ್ಪನವರ ಹೆಂಡತಿ ಪ್ರಫುಲ್ಲಾಬಾಯಿಗೂ ವಿವಾಹ ನಿಶ್ಚಯವಾಗಿದೆ, ಇದಕ್ಕೆ ಯಾರದಾದರೂ ಆಕ್ಷೇಪಣೆ ಇದ್ದರೆ ತಿಳಿಸಬೇಕು.

ದೇವಾಲಯದ ಒಳಗಾಗಿದ್ದರೆ ಅದು ಬರೀ ಒಂದು ಪದ್ಧತಿಯ ಮಾತು. ಇಲ್ಲಿ ಹಾಗಾಗಲಿಲ್ಲ. ಓದಿ ಮುಗಿಯುವಷ್ಟರಲ್ಲಿ ಇಡೀ ಸಭೆ, ಗಾಯನ ತಂಡ, ಕಾಣಿಕೆ ಚೀಲ ಹಿಡಿದ ಹಿರಿಯರು, ಎಲ್ಲರೂ ಬೇವಿನ ಮರದ ಪಕ್ಕದ ಕರಿಯ ಕಲ್ಲಿನ ಕಡೆ ತಿರುಗಿದ್ದರು. ರಕ್ಷಿತರಿಗೆ ತಾವೇನು ಕೇಳಿದೆವು, ಯಾರ ಮುಂದೆ ಕೇಳಿದೆವು ಎಂದು ಆಗ ಹೊಳೆಯಿತು. ಪ್ರಫುಲ್ಲಾಬಾಯಿಗೆ ನಗು ಬರಲಿಲ್ಲ.

ರಕ್ಷಿತರು ಅವಸರದಲ್ಲಿ ಕಾಗದ ಮಡಚಿ, "ಯಾವ ಆಕ್ಷೇಪಣೆಯೂ ಇಲ್ಲದ ಕಾರಣ" ಎಂದು ಶುರುಮಾಡಿದರು. ಅಷ್ಟರಲ್ಲಿ ಒಂದು ಕೈ ಮೇಲೆ ಹೋಯಿತು. ಶರಣ್ಯಾಳ ಕೈ.

ಕುಶಲರಾಯರು ಕಣ್ಣು ಮುಚ್ಚಿಕೊಂಡರು.

"ಆಕ್ಷೇಪಣೆ ಅಲ್ರಿ" ಎಂದಳು ಶರಣ್ಯಾ. "ಸ್ವಲ್ಪ ನಿಂದರ್ರಿ. ನಮ್ಮ ಅಪ್ಪ ಏನು ಕೇಳಿದ್ರೂ ಲಗೂನ ಉತ್ತರ ಕೊಡ್ತಿರಲಿಲ್ಲ. ಅವರಿಗೆ ಸ್ವಲ್ಪ ಟೈಮ್ ಕೊಡ್ರಿ."

ಯಾರೂ ನಗಲಿಲ್ಲ. ರಕ್ಷಿತರು ಕಾಗದ ಕೆಳಗಿಟ್ಟು ನಿಂತರು. ಇಡೀ ಸಭೆ ನಿಂತಿತು. ಬಿಸಿಲು ಕಾಂಪೌಂಡಿನ ಗೋಡೆ ಏರಿ ಬಂದು ಸಾಲು ಸಾಲು ಬಿಳಿಯ ಸಮಾಧಿಗಳ ಮೇಲೆ ಬಿತ್ತು. ಪ್ರಫುಲ್ಲಾಬಾಯಿ ಮಗಳ ಕೈ ಹಿಡಿದುಕೊಂಡು ಕಲ್ಲನ್ನೇ ನೋಡುತ್ತ, ನಿಜವಾಗಿಯೂ ಕಾದಳು.

ಬಹಳ ಹೊತ್ತಾದ ಮೇಲೆ ಆಕೆ ಹೇಳಿದಳು: "ಸಾಕ್ರಿ ಅಯ್ಯನವರ, ಮುಂದ ಓದ್ರಿ. ಮನ್ಯಾಗೂ ಹಿಂಗ ಇದ್ರು. ಒಲ್ಲೆ ಅನ್ನೂದಿದ್ರ ಇಷ್ಟೊತ್ತಿಗೆ ಅಂದಬಿಡ್ತಿದ್ರು."